ಅರ್ಧಕ್ಕೆ ನಿಂತ ಮುಳ್ಳು

ತನ್ನಲ್ಲಿ ಇನ್ನೆಷ್ಟು ಉಳಿದಿದೆ ಎಂದು ತಿಳಿಯದೆ ಮುಂದೆ ಸಾಗುವುದೇ ಮನುಷ್ಯಜನ್ಮದ ಪರಮ ದುಃಖ. ಈ ಸತ್ಯ ನನಗೆ ಹೊಳೆದ ಜಾಗ ಚೆನ್ನೈಯ ಪುರಸೈವಾಕ್ಕಂ ಹೈರೋಡು; ಹೊಳೆದ ಸಮಯ ಆಡಿ ತಿಂಗಳ, ಅಂದರೆ ನಮ್ಮ ಆಷಾಢದ, ರಿಯಾಯಿತಿ ಮಾರಾಟದ ಸಂಜೆ; ಆಗ ನಾನು ಒಂದು ಮುದಿ ಕಾರಿನ ಬೆನ್ನಿಗೆ ಎರಡೂ ಅಂಗೈ ಕೊಟ್ಟು ತಳ್ಳುತ್ತಿದ್ದೆ. ಅಕ್ಕಪಕ್ಕದಲ್ಲಿ ಸೀರೆಯ ಕಟ್ಟು, ಸ್ಟೀಲು ಕೊಡ, ಪ್ಲಾಸ್ಟಿಕ್ ಕುರ್ಚಿ ಹೊತ್ತ ಸಂಸಾರಗಳು ಹೊಳೆಯಂತೆ ಹರಿಯುತ್ತಿದ್ದವು. ಕಾರಿನೊಳಗೆ ಸ್ಟಿಯರಿಂಗ್ ಹಿಡಿದು ಕೂತಿದ್ದ ನನ್ನ ಮಾವ ಉಪಾಧ್ಯರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಳಿಯಂದಿರೇ, ಪೆಟ್ರೋಲು ಅರ್ಧ ಟ್ಯಾಂಕು ಉಂಟು. ಬೇರೆ ಎಂತದೋ ಆಗಿದೆ. ನೀವು ಸ್ವಲ್ಪ ಜೋರು ತಳ್ಳಿ," ಎಂದರು. ನಾನು ಜೋರಾಗಿ ತಳ್ಳಿದೆ. ಬಂಕ್ ತಲುಪಿದ ಮೇಲೆ ನೋಡಿದರೆ ಟ್ಯಾಂಕಿನಲ್ಲಿ ಪೆಟ್ರೋಲಿನ ವಾಸನೆ ಮಾತ್ರ ಇತ್ತು.

ಕಾರಿನ ಹೆಸರು ಹೇಳುವುದಿಲ್ಲ. ಅದನ್ನು ತಯಾರಿಸಿದವರು ಅಂಗಡಿ ಮುಚ್ಚಿ ಬಹಳ ಕಾಲವಾಯಿತು. ತೀರಿಕೊಂಡವರ ಬಗ್ಗೆ ಕೆಟ್ಟದ್ದು ಆಡುವ ಮನೆತನ ನಮ್ಮದಲ್ಲ. ನೋಡಲು ಅದು ಬೆಚ್ಚಗೆ ಕೂತ ಆಮೆಯ ಹಾಗಿತ್ತು, ಬಣ್ಣ ಕಪ್ಪು, ಎದುರಿಗೆ ಎರಡು ದುಂಡು ದೀಪ, ಆ ದೀಪಗಳಲ್ಲಿ ಸದಾ ಯಾರದೋ ಸಾವಿನ ಸುದ್ದಿ ಕೇಳಿದಂಥ ನೋಟ. ಮಾವನ ಹೋಟೆಲು ತಕ್ಕಮಟ್ಟಿಗೆ ನಡೆಯತೊಡಗಿದ ಕಾಲದಲ್ಲಿ, ನಿವೃತ್ತರಾಗಿ ಊರಿಗೆ ಹೊರಟ ಒಬ್ಬ ಡಾಕ್ಟರಿಂದ ಅವರು ಅದನ್ನು ಕೊಂಡಿದ್ದರಂತೆ. ಆಗಲೇ ಅದು ಹಳೆಯ ಕಾರು. ಈಗ ಜನ ಅದನ್ನು 'ಕ್ಲಾಸಿಕ್' ಎನ್ನುತ್ತಾರೆ. ಹಾಗೆ ಅನ್ನುವವರು ಯಾರೂ ಅದನ್ನು ತಳ್ಳಿದವರಲ್ಲ.

ಮಾವ ಉಡುಪಿ ಕಡೆಯವರು. ಚಿಕ್ಕ ವಯಸ್ಸಿನಲ್ಲಿ ಮದ್ರಾಸಿಗೆ ಬಂದು, ಯಾರದೋ ಹೋಟೆಲಿನಲ್ಲಿ ಇಡ್ಲಿ ತಟ್ಟೆಗಳ ಹಬೆಯಲ್ಲಿ ಬೆಂದು, ಕೊನೆಗೆ ಪುರಸೈವಾಕ್ಕಂನಲ್ಲಿ ತಮ್ಮದೇ ಹೋಟೆಲು ತೆರೆದವರು. ಊರಿನ ಹೆಸರು ಚೆನ್ನೈ ಎಂದು ಬದಲಾಗಿ ವರ್ಷಗಳಾಗಿದ್ದರೂ ಅವರು ಅದನ್ನು ಒಂದು ವದಂತಿ ಎಂದೇ ಭಾವಿಸಿ ಮದ್ರಾಸು ಎನ್ನುತ್ತಿದ್ದರು. ಹೋಟೆಲನ್ನು ಮಗ ಸುಧಾಕರನಿಗೆ ವಹಿಸಿ, ಅತ್ತೆ ತೀರಿಕೊಂಡ ಮೇಲೆ ನುಂಗಂಬಾಕ್ಕಂನ ನಮ್ಮ ಮನೆಗೆ ಬಂದು ನೆಲೆಸಿದರು. ಮಗನನ್ನು ಬಿಟ್ಟು ಮಗಳ ಮನೆ ಏಕೆ ಎಂದು ಕೇಳಿದವರಿಗೆ ಅವರ ಉತ್ತರ ಸಿದ್ಧವಾಗಿತ್ತು: "ಮಗ ಬುದ್ಧಿ ಹೇಳ್ತಾನೆ. ಅಳಿಯನಿಗೆ ಆ ಧೈರ್ಯ ಇಲ್ಲ." ನಾನು ಮೈಸೂರಿನವನು. ಅವರು ಹೇಳಿದ್ದು ನಿಜ.

ದಿನಾ ಬೆಳಿಗ್ಗೆ ಅವರು ಸ್ನಾನ, ಜಪ ಮುಗಿಸಿ, ಪಂಚೆಯುಟ್ಟು, ಕಾರಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಟೆಲಿಗೆ ಹೊರಡುತ್ತಿದ್ದರು. ಅಲ್ಲಿ ಅವರ ಕೆಲಸ ಸಾಂಬಾರಿನ ರುಚಿ ನೋಡುವುದು. ಈ ಕೆಲಸವನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ, ಅದರ ಫಲಿತಾಂಶವನ್ನು ಯಾರೂ ಕೇಳುತ್ತಲೂ ಇರಲಿಲ್ಲ. ಅಡಿಗೆಭಟ್ಟರು ಒಂದು ಚಮಚ ಸಾಂಬಾರನ್ನು ಅಂಗೈಗೆ ಹಾಕುತ್ತಿದ್ದರು; ಮಾವ ನೆಕ್ಕಿ, ಕಣ್ಣು ಮುಚ್ಚಿ, "ಅಡ್ಡಿಲ್ಲ" ಎನ್ನುತ್ತಿದ್ದರು; ಆಮೇಲೆ ಕಾಫಿ ಕುಡಿದು ವಾಪಸು ಬರುತ್ತಿದ್ದರು. ನನ್ನ ಹೆಂಡತಿ ವಾರಿಜ ಹೇಳುವ ಪ್ರಕಾರ ಆ ಒಂದು "ಅಡ್ಡಿಲ್ಲ" ಹೇಳುವುದಕ್ಕಾಗಿಯೇ ಅವರು ಬೆಳಿಗ್ಗೆ ಏಳುತ್ತಿದ್ದರು. ಆಫೀಸಿನಲ್ಲಿ ನಾನು ದಿನವಿಡೀ ಮಾಡುತ್ತಿದ್ದುದು ಇದಕ್ಕಿಂತ ಹೆಚ್ಚಿನದೇನಲ್ಲವಾದ್ದರಿಂದ ನಾನು ಈ ಬಗ್ಗೆ ನಗಲಿಲ್ಲ.

ಹೋಟೆಲಿನಲ್ಲಿ ಮಾವನ ಕಾಲದಿಂದ ಒಂದು ಪದ್ಧತಿಯಿತ್ತು, ಈಗಲೂ ಇದೆ. ಬಡಿಸುವ ಪಾತ್ರೆ ಅರ್ಧಕ್ಕೆ ಬಂದ ಕೂಡಲೇ ಒಳಗೆ ಒಯ್ದು ತುಂಬಿಸಿ ತರಬೇಕು. ಪಾತ್ರೆಯ ತಳ ಗಿರಾಕಿಯ ಕಣ್ಣಿಗೆ ಬೀಳಬಾರದು; ಬಿದ್ದರೆ ಅವನು ಎರಡನೇ ಸಲ ಕೇಳಲು ನಾಚುತ್ತಾನೆ. ಮಾವ ಕಾರಿಗೂ ಇದೇ ಕಾನೂನನ್ನು ಅನ್ವಯಿಸಿದ್ದರು. ಡ್ಯಾಶ್‌ಬೋರ್ಡಿನ ಮುಳ್ಳು ಅರ್ಧಕ್ಕೆ ಇಳಿಯಿತೆಂದರೆ ಬಂಕ್‌ಗೆ ಹೋಗಿ ತುಂಬಿಸುವುದು. ಹೀಗಾಗಿ ಅಷ್ಟು ವರ್ಷಗಳಲ್ಲಿ ಆ ಕಾರು ನಾನಾ ಕಾಯಿಲೆಗಳಿಂದ ನಿಂತದ್ದುಂಟು, ಹಸಿವಿನಿಂದ ನಿಂತದ್ದಿಲ್ಲ. ಪುರಸೈವಾಕ್ಕಂನದ್ದೇ ಮೊದಲ ಸಲ. ಆದ್ದರಿಂದ ನಾವು ಅದನ್ನು ಗ್ರಹಚಾರದ ಖಾತೆಗೆ ಹಾಕಿ ಮರೆತೆವು.

ಎರಡನೆಯ ಸಲ ಮೇಲುಸೇತುವೆಯ ನೆತ್ತಿಯ ಮೇಲೆ ನಿಂತಿತು. ಹಿಂದೆ ನಿಂತ ಬಸ್ಸಿನ ಡ್ರೈವರು ಮಾವನ ವಯಸ್ಸು, ಕಾರಿನ ವಯಸ್ಸು ಎರಡನ್ನೂ ಕೂಡಿಸಿ ಏನೋ ಅಂದನಂತೆ. ಅದನ್ನು ಮಾವ ನಮಗೆ ಅನುವಾದಿಸಿ ಹೇಳಲು ಒಪ್ಪಲಿಲ್ಲ. "ಮುಳ್ಳು ಅರ್ಧ ತೋರಿಸ್ತಾ ಇತ್ತು ಮಾರಾಯ್ರೆ. ನಾನು ಕಣ್ಣಾರೆ ಕಂಡಿದ್ದೇನೆ," ಎಂದಷ್ಟೇ ಹೇಳಿದರು.

ಮೂರನೆಯ ಸಲ ನಿಂತದ್ದು ಕಾಸಿಮೇಡಿನಲ್ಲಿ, ಮೀನು ಬಂದರಿನ ಹರಾಜು ಕಟ್ಟೆಯ ಎದುರು, ಬೆಳಕು ಹರಿಯುವ ಹೊತ್ತಿಗೆ. ಈರುಳ್ಳಿ ಹಾಕದ ಸಾಂಬಾರಿನಲ್ಲೇ ಹೆಸರು ಮಾಡಿದ ಹೋಟೆಲಿನ ಹಿರಿಯ ಯಜಮಾನರು ಮೀನು ಹರಾಜಾಗುವ ಜಾಗದಲ್ಲಿ ಏನು ಮಾಡುತ್ತಿದ್ದರು ಎಂಬ ಪ್ರಶ್ನೆಗೆ, "ನಿದ್ರೆ ಬರ್ಲಿಲ್ಲ, ಸಮುದ್ರ ನೋಡುವಾ ಅಂತ ಹೋದೆ. ರಸ್ತೆ ಹೋಗ್ತಾ ಉಂಟು, ನಾನೂ ಹೋದೆ," ಎಂದರು. ಸಮುದ್ರ ಮರೀನಾದಲ್ಲೂ ಇದೆ; ಅದು ನಮ್ಮ ಮನೆಗೆ ಹತ್ತಿರ. ನಾವು ಯಾರೂ ಅದನ್ನು ಹೇಳಲಿಲ್ಲ. ಅಲ್ಲಿಯ ಹೆಂಗಸರು "ಪಾವಂ, ಪೆರಿಯವರು", ಪಾಪ, ಹಿರಿಯರು, ಎಂದು ಮರುಗಿ, ತಮ್ಮ ಬುಟ್ಟಿಗಳನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಕಾರನ್ನು ಬಂಕಿನವರೆಗೆ ತಳ್ಳಿಕೊಟ್ಟರಂತೆ. ಆಮೇಲೆ ಹಲವು ವಾರ ಆ ಕಾರು ಪುರಸೈವಾಕ್ಕಂನಲ್ಲಿ ನಿಂತಾಗಲೆಲ್ಲ ಆ ಪೇಟೆಯ ಬೆಕ್ಕುಗಳು ಬಂದು ಅದರ ಸುತ್ತ ಸಭೆ ಸೇರುತ್ತಿದ್ದವು. ವಾರಿಜ ಸೀಟಿಗೆ ಸೀಗೆಪುಡಿ, ಅರಿಸಿನ, ಕೊನೆಗೆ ಹೋಟೆಲಿನ ಕಾಫಿಪುಡಿಯನ್ನೂ ಉಜ್ಜಿದಳು. ಕಾರಿಗೆ ಕಾಫಿ ಕುಡಿದ ಮೀನಿನ ವಾಸನೆ ಬಂತು.

ಬೆಕ್ಕುಗಳಿಂದಾಗಿ ಸಂಗತಿ ಸುಧಾಕರನ ಕಿವಿಗೆ ಬಿತ್ತು. ಸುಧಾಕರ ವಾರಿಜಳ ಅಣ್ಣ. ನಾನು ಅವನನ್ನು 'ಭಾವ' ಎನ್ನುತ್ತೇನೆ, ಅವನು ನನ್ನನ್ನು 'ಭಾವ' ಎನ್ನುತ್ತಾನೆ; ಹೀಗಾಗಿ ನಮ್ಮ ಮಾತುಕತೆ ಯಾವಾಗಲೂ ಒಬ್ಬನೇ ಮನುಷ್ಯ ಕನ್ನಡಿಯ ಮುಂದೆ ನಿಂತು ವಾದಿಸಿದ ಹಾಗೆ ಕೇಳಿಸುತ್ತದೆ. ಒಂದು ಭಾನುವಾರ ಬಂದು, ಮಾವ ಹಿತ್ತಲಲ್ಲಿ ತುಳಸಿಗೆ ನೀರು ಹಾಕುತ್ತಿದ್ದಾಗ, ಹೊಸದಾಗಿ ಕೊಂಡ ಮೊಬೈಲು ಫೋನನ್ನು ಮೇಜಿನ ಮೇಲೆ ನ್ಯಾಯಾಧೀಶರ ಸುತ್ತಿಗೆಯಂತೆ ಇಟ್ಟು ಅವನು ಹೇಳಿದ:

"ಭಾವ, ಇದು ಮುಳ್ಳಿನ ತೊಂದರೆ ಅಲ್ಲ. ಅಪ್ಪಯ್ಯನಿಗೆ ಮರೆವು ಶುರುವಾಗಿದೆ."

"ಹಾಗೆಲ್ಲ ಹೇಳ್ಬೇಡ ಅಣ್ಣ," ಎಂದಳು ವಾರಿಜ. "ಅಪ್ಪಯ್ಯ ಅರ್ಧ ಉಂಟು ಅಂತ ಹೇಳಿದ್ರೆ ಅರ್ಧ ಉಂಟು. ಮುಳ್ಳೇ ಕೆಟ್ಟಿರ್ಬೇಕು."

"ಹಾಗಾದ್ರೆ ಪರೀಕ್ಷೆ ಮಾಡಿಸುವಾ. ಮುಳ್ಳು ಕೆಟ್ಟಿದ್ರೆ ಅಪ್ಪಯ್ಯ ಕಾರು ಓಡಿಸ್ಲಿ, ನಾನು ಎಂತದೂ ಹೇಳುದಿಲ್ಲ. ಮುಳ್ಳು ಸರಿ ಇದ್ರೆ ಕೀಲಿ ನನಗೆ ಕೊಡ್ಬೇಕು. ಮದುವೆಗೆ ಹಳೇ ಕಾರು ಬಾಡಿಗೆಗೆ ಕೊಡುವವರೊಬ್ಬರು ಕೇಳ್ತಾ ಇದ್ದಾರೆ, ಅವರಿಗೆ ಕೊಟ್ಟುಬಿಡುವಾ."

"ಪರೀಕ್ಷೆ ಯಾರು ಮಾಡೋದು?" ಎಂದು ನಾನು ಕೇಳಿದೆ. ಅಣ್ಣ ತಂಗಿ ಇಬ್ಬರೂ ನನ್ನನ್ನು ನೋಡಿದರು.

ಇದಕ್ಕೆ ಕಾರಣ ನನ್ನ ಉದ್ಯೋಗ. ನಾನಿದ್ದ ಕಂಪನಿ ಬಾಯ್ಲರುಗಳಿಗೆ ಒತ್ತಡ ತೋರಿಸುವ ಮಾಪಕಗಳನ್ನು ಮಾರುತ್ತಿತ್ತು. ದುಂಡನೆಯ ಗಾಜು, ಒಳಗೊಂದು ಮುಳ್ಳು. ಅದರೊಳಗೆ ಏನಿದೆ ಎಂಬುದು ನನಗೆ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಅಷ್ಟು ಆತ್ಮವಿಶ್ವಾಸದಿಂದ ಮಾರಲು ಆಗುತ್ತಿರಲಿಲ್ಲ. ಆದರೆ ಬಂಧುಬಳಗದಲ್ಲಿ ನನಗೆ ಮುಳ್ಳಿನ ತಜ್ಞ ಎಂಬ ಹೆಸರಿತ್ತು. ಸೋದರತ್ತೆಯ ಮನೆಯ ಗೋಡೆ ಗಡಿಯಾರ ನಿಂತಾಗಲೂ ನನಗೇ ಹೇಳಿ ಕಳಿಸಿದ್ದರು. ಆ ಗಡಿಯಾರ ಇವತ್ತಿಗೂ ನಿಂತೇ ಇದೆ.

ಹೀಗೆ, ಕಾರಿನ ಮುಳ್ಳನ್ನು ಪರೀಕ್ಷಿಸುವ ನೆಪದಲ್ಲಿ ಮಾವನ ತಲೆಯನ್ನು ಪರೀಕ್ಷಿಸುವ ಹೊಣೆ ನನ್ನ ಪಾಲಿಗೆ ಬಂತು. ಮುಳ್ಳು ಕೆಟ್ಟಿದ್ದರೆ ಮಾವ ಸರಿ. ಮುಳ್ಳು ಸರಿಯಿದ್ದರೆ ಮಾವ ಕೆಟ್ಟರು. ಇಷ್ಟು ಸರಳವಾದ ಲೆಕ್ಕವನ್ನು ನಾನು ಶಾಲೆಯಲ್ಲೂ ಮಾಡಿರಲಿಲ್ಲ, ಇಷ್ಟು ಭಯದಿಂದಂತೂ ಯಾವ ಲೆಕ್ಕವನ್ನೂ ಮಾಡಿರಲಿಲ್ಲ. ನಮ್ಮ ಬೀದಿಯ ಕೊನೆಯಲ್ಲಿ ಬೇವಿನ ಮರದ ಕೆಳಗೆ ಶೆಡ್ಡು ಹಾಕಿಕೊಂಡಿದ್ದ ಮೆಕ್ಯಾನಿಕ್ ದೊರೈಕಣ್ಣುವನ್ನು ಕರೆತಂದೆ. ದೊರೈಕಣ್ಣು ಹೆಣಕ್ಕೆ ಬಂದವನ ಮುಖ ಮಾಡಿಕೊಂಡೇ ಎಲ್ಲ ಕಾರುಗಳನ್ನೂ ನೋಡುವ ಮನುಷ್ಯ. ಬಾನೆಟ್ ಎತ್ತಿ, ಒಳಗೆ ಬಗ್ಗಿ ನೋಡಿ, "ವಯಸಾಚ್ಚು ಸಾರ್," ಎಂದ. ವಯಸ್ಸಾಯಿತು ಎಂದರ್ಥ. ಅದು ನನಗೂ ಗೊತ್ತಿತ್ತು. ಆಮೇಲೆ ಎಲ್ಲಕ್ಕೂ ಕಾರಣ ಹೊಸದಾಗಿ ಬಂದಿರುವ ಸೀಸವಿಲ್ಲದ ಪೆಟ್ರೋಲು ಎಂದ. ಆ ವರ್ಷ ಅವನು ಪಂಕ್ಚರ್ ಆದ ಟಯರಿಗೂ ಅದೇ ಕಾರಣ ಕೊಡುತ್ತಿದ್ದ.

ಅವನು ವಿವರಿಸಿದ್ದನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಪೆಟ್ರೋಲು ಟ್ಯಾಂಕಿನೊಳಗೆ ಒಂದು ಸಣ್ಣ ಹಿತ್ತಾಳೆ ಡಬ್ಬಿ ತೇಲುತ್ತಿರುತ್ತದೆ. ಅದಕ್ಕೆ ತಂತಿಯದೊಂದು ತೋಳು. ಪೆಟ್ರೋಲು ಏರಿದರೆ ಡಬ್ಬಿ ಏರುತ್ತದೆ, ಇಳಿದರೆ ಇಳಿಯುತ್ತದೆ. ಈ ಏರಿಳಿತವನ್ನು ಒಂದು ವೈರು ಡ್ಯಾಶ್‌ಬೋರ್ಡಿನ ಮುಳ್ಳಿಗೆ ಚಾಡಿ ಹೇಳುತ್ತದೆ. ಕೆಡಬಹುದಾದ ಜಾಗಗಳು ಬೇಕಾದಷ್ಟಿವೆ. ಡಬ್ಬಿ ತೂತಾಗಿ ಮುಳುಗಬಹುದು, ತೋಳು ಸಿಕ್ಕಿಕೊಳ್ಳಬಹುದು, ವೈರು ತುಂಡಾಗಬಹುದು, ಟ್ಯಾಂಕಿಗೂ ಕಾರಿನ ಮೈಗೂ ನಡುವಿನ ಸಂಪರ್ಕ ತುಕ್ಕು ಹಿಡಿಯಬಹುದು, ಮುಳ್ಳಿಗೇ ಸೋಮಾರಿತನ ಬಂದಿರಬಹುದು. ಇಷ್ಟೊಂದು ಸಾಧ್ಯತೆಗಳನ್ನು ಕೇಳಿ ನನಗೆ ಬಹಳ ಸಮಾಧಾನವಾಯಿತು. ಅಷ್ಟು ಹಳೆಯ ಕಾರಿನಲ್ಲಿ ಇವುಗಳಲ್ಲಿ ಒಂದಾದರೂ ಕೆಟ್ಟಿರದೆ ಹೋದೀತೆ?

ಕಾರು ರಿಪೇರಿಗೆಂದು ಕೀಲಿಯನ್ನು ವಾರಿಜಳ ಹತ್ತಿರ ಬಿಟ್ಟು ಮಾವ ಹೋಟೆಲಿಗೆ ಅಂದು ಆಟೋದಲ್ಲಿ ಹೋಗಿದ್ದರು. ನಾವು ಪರೀಕ್ಷೆ ಶುರು ಮಾಡಿದೆವು. ಟ್ಯಾಂಕಿನಿಂದ ಬರುವ ವೈರನ್ನು ದೊರೈಕಣ್ಣು ಬಿಚ್ಚಿ ಎತ್ತಿ ಹಿಡಿದ. ಮುಳ್ಳು ನೆಟ್ಟಗೆ ತುಂಬಿದೆ ಎಂಬಲ್ಲಿಗೆ ಹೋಯಿತು. ಅದನ್ನೇ ಕಾರಿನ ಮೈಗೆ ಮುಟ್ಟಿಸಿದ. ಮುಳ್ಳು ಖಾಲಿಗೆ ಬಿತ್ತು. "ಮೀಟರು ಚೆನ್ನಾಗಿದೆ ಸಾರ್," ಎಂದು ವಿಷಾದದಿಂದ ತಿಳಿಸಿದ. ತುಕ್ಕು ಕೆರೆದು ನೋಡಿದ. ತುಕ್ಕಿನ ಕೆಳಗೆ ಸಂಪರ್ಕ ಗಟ್ಟಿಯಾಗಿತ್ತು. ಡಿಕ್ಕಿಯ ತಳದ ಮುಚ್ಚಳ ಬಿಚ್ಚಿ, ತೋಳನ್ನೂ ಡಬ್ಬಿಯನ್ನೂ ಹೊರತೆಗೆದು, ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ನಾನೂ ಅಲ್ಲಾಡಿಸಿದೆ. ಒಳಗೆ ಏನಾದರೂ ಕುಲುಕಿದರೆ ತೂತು ಎಂದರ್ಥ. ತೆಂಗಿನಕಾಯಿ ಆರಿಸುವವರಂತೆ ನಾವಿಬ್ಬರೂ ಸರದಿಯ ಮೇಲೆ ಅಲ್ಲಾಡಿಸಿದೆವು. ಯಾವ ಸದ್ದೂ ಬರಲಿಲ್ಲ. ನಾನು ಇನ್ನೊಂದು ಸಲ, ಪ್ರಾರ್ಥಿಸುತ್ತಾ, ಅಲ್ಲಾಡಿಸಿದೆ. "ವಿಡುಂಗ ಸಾರ್, ಬಿಡಿ," ಎಂದು ದೊರೈಕಣ್ಣು ಅದನ್ನು ನನ್ನ ಕೈಯಿಂದ ಮೆಲ್ಲನೆ ಬಿಡಿಸಿಕೊಂಡ.

ಉಳಿದದ್ದು ಅಳೆದು ನೋಡುವುದು. ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಸ್ವಲ್ಪ ಸ್ವಲ್ಪವೇ ಹಾಕುತ್ತಾ ಮುಳ್ಳು ಏನನ್ನುತ್ತದೆ ಎಂದು ನೋಡಬೇಕು. ಅಳತೆಗೆ ನಿಖರವಾದ ಪಾತ್ರೆ ಬೇಕಿತ್ತು. ನಮ್ಮ ಮನೆಯಲ್ಲಿದ್ದ ಏಕೈಕ ನಿಖರ ಪಾತ್ರೆಯೆಂದರೆ ಹಾಲು ಅಳೆಯಲು ಹೋಟೆಲಿನಲ್ಲಿ ಬಳಸುತ್ತಿದ್ದ, ಮಾವ ನೆನಪಿಗೆಂದು ತಂದಿಟ್ಟುಕೊಂಡಿದ್ದ ಹಿಡಿಕೆಯ ಅಳತೆ. ಅದರಲ್ಲಿ ಅಳೆದು ಹಾಕಿದೆವು. ದೊರೈಕಣ್ಣು ಸುರಿಯುತ್ತಿದ್ದ, ನಾನು ಮುಂದಿನ ಸೀಟಿನಲ್ಲಿ ಕೂತು ಮುಳ್ಳನ್ನು ನೋಡುತ್ತಿದ್ದೆ. ಒಂದೊಂದು ಅಳತೆಗೂ ಮುಳ್ಳು ಒಂದಿಷ್ಟು ನಡುಗಿ, ವಿನಯದಿಂದ, ಎಷ್ಟು ಏರಬೇಕೋ ಅಷ್ಟೇ ಏರಿತು. ಟ್ಯಾಂಕಿಗೆ ಅರ್ಧ ಬಿದ್ದಾಗ ಅದು ಅರ್ಧ ಎಂದಿತು. ಆ ಕಾರಿನಲ್ಲಿ ಹಾರ್ನು ಮಳೆ ಬಂದರೆ ಮಾತ್ರ ಕೂಗುತ್ತಿತ್ತು, ಎಡಗಡೆಯ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತಿತ್ತು, ವೇಗದ ಮುಳ್ಳು ಯಾವುದೋ ಕಾಲದಲ್ಲಿ ಉದುರಿಹೋಗಿತ್ತು. ಸತ್ಯ ಹೇಳುತ್ತಿದ್ದ ಒಂದೇ ಒಂದು ಭಾಗ ಅದು. ಅದಕ್ಕೆ ಬೇರೆ ದಿನ ಸಿಗಲಿಲ್ಲ.

ಒಳಗೆ ಹೋದೆ. ವಾರಿಜ ಊಟದ ಮೇಜಿನಲ್ಲಿ ಮೊರ ಇಟ್ಟುಕೊಂಡು ಬೇಳೆ ಆರಿಸುತ್ತಿದ್ದಳು.

"ಹೋಯ್, ಎಂತಾಯ್ತು?"

"ಏನೂ ಆಗಿಲ್ಲ. ಅದೇ ತೊಂದರೆ. ಮುಳ್ಳು ಸರಿಯಾಗಿದೆ."

ಅವಳ ಕೈ ಮೊರದಲ್ಲೇ ನಿಂತಿತು. "ಸರಿಯಾಗಿ ನೋಡಿದ್ರಾ?"

"ಎಲ್ಲ ನೋಡಿದೆ ಕಣೆ. ವೈರು, ಡಬ್ಬಿ, ತೋಳು. ಅಳೆದೂ ನೋಡಿದ್ದಾಯ್ತು."

"ನಿಮಗೆ ಮುಳ್ಳಿನ ವಿಷಯ ಎಂತ ಗೊತ್ತುಂಟು? ನೀವು ಮಾರುವವರು ಅಷ್ಟೆ." ಇಷ್ಟು ಹೇಳಿ ಅವಳು ಕಲ್ಲೊಂದನ್ನು ಆರಿಸಿ ಪಕ್ಕಕ್ಕಿಟ್ಟಳು. ಅದು ಕಲ್ಲಾಗಿರಲಿಲ್ಲ, ಬೇಳೆಯೇ ಆಗಿತ್ತು. ಆಮೇಲೆ ತಗ್ಗಿದ ದನಿಯಲ್ಲಿ, "ಹಾಗಾದ್ರೆ ಅಪ್ಪಯ್ಯ ಸುಳ್ಳು ಹೇಳಿದ್ರಾ?" ಎಂದಳು.

ಸುಳ್ಳಲ್ಲ ಎಂಬುದು ನನಗೆ ಅಷ್ಟು ಹೊತ್ತಿಗೆ ತಿಳಿದಿತ್ತು. ಮುಳ್ಳು ಅರ್ಧದಲ್ಲಿ ಇದ್ದುದನ್ನು ಅವರು ಕಣ್ಣಾರೆ ಕಂಡದ್ದು ನಿಜ. ಯಾವತ್ತು ಕಂಡದ್ದು ಎಂಬುದಷ್ಟೇ ಅವರಿಗೆ ತಪ್ಪಿತ್ತು. ನಿನ್ನೆಯದೋ, ಹೋದ ವಾರದ್ದೋ ಒಂದು ಅರ್ಧವನ್ನು ಇವತ್ತಿನದೆಂದು ನಂಬಿ ಅವರು ಕಾರು ಓಡಿಸುತ್ತಿದ್ದರು. ಇದನ್ನು ಅವಳಿಗೆ ಹೇಳಿದೆ. ಅವಳು ಮೊರ ಸರಿಸಿ, ಸೆರಗಿನಿಂದ ಮೂಗು ಒರೆಸಿಕೊಂಡು, ಹೋಟೆಲು ನಡೆಸಿದವರ ಮಗಳಂತೆ ನಿರ್ಧಾರಕ್ಕೆ ಬಂದಳು.

"ಅಣ್ಣನಿಗೆ ಇದು ಗೊತ್ತಾಗ್ಬಾರ್ದು. ಮುಳ್ಳು ಕೆಡ್ಬೇಕು."

"ಅಂದ್ರೆ?"

"ಅಂದ್ರೆ ಎಂತ ಅಂದ್ರೆ? ಕೆಡಿಸಿ."

"ವಾರಿಜ, ಅವರಿಗೆ ಮರೆವು ಶುರುವಾಗಿರೋದು ನಿಜ. ನಾಳೆ ರಸ್ತೆಯಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ನಾಳೆಯಿಂದ ನಾನು ಪಕ್ಕದಲ್ಲಿ ಕೂತ್ಕೊಂಡು ಹೋಗ್ತೇನೆ. ತರಕಾರಿ ತರುದಕ್ಕೆ ಅಂತ ಹೇಳ್ತೇನೆ. ನನಗೆ ಕಾರು ಕಲಿಸಿದ್ದೇ ಅಪ್ಪಯ್ಯ, ಇದೇ ಕಾರಲ್ಲಿ. ಬ್ರೇಕು ಎಲ್ಲುಂಟು ಅಂತ ನನಗೆ ಗೊತ್ತುಂಟು. ಆದ್ರೆ ಕೀಲಿ ಕಿತ್ಕೊಂಡ್ರೆ ಅವರು ಬೆಳಿಗ್ಗೆ ಎದ್ದು ಎಂತ ಮಾಡುದು, ನೀವೇ ಹೇಳಿ. ತುಳಸಿಗೆ ಎಷ್ಟೂಂತ ನೀರು ಹಾಕುದು?"

ತುಳಸಿ ಆಗಲೇ ಕೊಳೆಯುವ ಹಂತಕ್ಕೆ ಬಂದಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ದೊರೈಕಣ್ಣುವಿನ ಶೆಡ್ಡಿಗೆ ನಡೆದೆ.

ದೊರೈಕಣ್ಣುವಿಗೆ ನಮ್ಮ ಬೇಡಿಕೆಯನ್ನು ತಿಳಿಸಿದಾಗ ಅವನು ಅದನ್ನು ಎರಡು ಸಲ ಹೇಳಿಸಿಕೊಂಡ. ಆಮೇಲೆ ಬೇವಿನ ಮರದ ಬುಡದಲ್ಲಿ ಕೂತುಬಿಟ್ಟ. ಸರಿಮಾಡಲು ಹೋಗಿ ತಾನು ಕೆಡಿಸಿದ ವಸ್ತುಗಳು ಬಹಳ ಇವೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಕೆಡಿಸಬೇಕೆಂದೇ ಕೆಡಿಸಿದ್ದು ಇದುವರೆಗೆ ಇಲ್ಲ. ತೊಳಿಲ್ ಎಂದರೆ ಕಸುಬು, ಕಸುಬಿಗೆ ಒಂದು ಮರ್ಯಾದೆ ಇದೆ ಎಂದು ತಮಿಳಿನಲ್ಲಿ ದೀರ್ಘವಾಗಿ ವಾದಿಸಿದ. ವಾರಿಜ ಅಷ್ಟು ದೂರ ನಡೆದು ಬಂದು, ಹೋಟೆಲಿನ ಪಾತ್ರೆಯ ಪದ್ಧತಿಯನ್ನು ಅವನಿಗೆ ವಿವರಿಸಿದಳು. ತಳ ಕಾಣಿಸಬಾರದು, ಅಷ್ಟೆ, ಎಂದಳು. ಅವನು, "ಪೆರಿಯವರಿಗಾಗಿ, ಅಮ್ಮಾ," ಎಂದು ಎದ್ದು, ನಮ್ಮೊಡನೆ ಮನೆಗೆ ಬಂದ. ತೋಳನ್ನು ಮತ್ತೆ ಹೊರತೆಗೆದು, ತೆಳ್ಳನೆಯ ತಾಮ್ರದ ತಂತಿಯಿಂದ ಅದನ್ನು ಅರ್ಧದ ಮಟ್ಟದಲ್ಲಿ ಕಟ್ಟಿ, ವಾಪಸು ಟ್ಯಾಂಕಿಗೆ ಇಳಿಸಿದ. ಈಗ ಪೆಟ್ರೋಲು ಇದ್ದರೂ ಅರ್ಧ, ಇಲ್ಲದಿದ್ದರೂ ಅರ್ಧ. ಅವನು ಇಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸವನ್ನು ನಾನು ಮೊದಲಾಗಲಿ ಆಮೇಲಾಗಲಿ ನೋಡಿಲ್ಲ.

ಮುಂದಿನ ಭಾನುವಾರ ಪ್ರದರ್ಶನ ಏರ್ಪಾಡಾಯಿತು. ಸುಧಾಕರ ಬಂದ. ಮಾವ ಶುಭ್ರವಾದ ಪಂಚೆಯುಟ್ಟು ಪೋರ್ಟಿಕೊದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ದೊರೈಕಣ್ಣು ಎಲ್ಲರ ಎದುರಿಗೆ ಟ್ಯಾಂಕಿನ ತಳದ ತಿರುಪು ಬಿಚ್ಚಿ ಕೊನೆಯ ಹನಿಯವರೆಗೂ ಇಳಿಸಿದ. "ನೋಡಿ ಭಾವ," ಎಂದು ನಾನು ಕೀಲಿ ತಿರುಗಿಸಿದೆ. ಮುಳ್ಳು ಎದ್ದು ಅರ್ಧಕ್ಕೆ ಬಂದು ನಿಂತಿತು. ಸುಧಾಕರ ಬಗ್ಗಿ ನೋಡಿದ. ಗಾಜಿನ ಮೇಲೆ ಬೆರಳಿನಿಂದ ತಟ್ಟಿದ. ಮುಳ್ಳು ಅಲ್ಲಾಡಲಿಲ್ಲ. ಅವನ ಮುಖದಲ್ಲಿ ನಾನು ಸೋಲನ್ನು ಹುಡುಕುತ್ತಿದ್ದೆ, ಕಂಡದ್ದು ಬೇರೆ. ಅವನ ಕಣ್ಣು ಒದ್ದೆಯಾಗಿತ್ತು. "ಮುಳ್ಳೇ ಕೆಟ್ಟದ್ದು ಅಪ್ಪಯ್ಯ. ನಿಮಗೆ ಎಂತದೂ ಆಗ್ಲಿಲ್ಲ," ಎಂದ, ಕಾರಿಗೆ ಬೆನ್ನು ಮಾಡಿ.

ಮಾವ ಎದ್ದು ಬಂದು ತಾವೂ ಮುಳ್ಳನ್ನು ನೋಡಿದರು. ಬಹಳ ಹೊತ್ತು ನೋಡಿದರು. "ನಾನು ಹೇಳಿದ್ದಲ್ವಾ?" ಎಂದರು. ಅದರಲ್ಲಿ ಗೆದ್ದವರ ಜೋರು ಇರಲಿಲ್ಲ. ಆಮೇಲೆ ಊಟಕ್ಕೆ ಕೂತು, ಕೆಲವು ತಿಂಗಳಿಂದ ಯಾವುದಕ್ಕೂ 'ಸಾಕು ಸಾಕು' ಎನ್ನುತ್ತಿದ್ದವರು, ಪಾಯಸವನ್ನು ಕೇಳಿ ಕೇಳಿ ಹಾಕಿಸಿಕೊಂಡರು. ಅದನ್ನು ನೋಡಿದಾಗ, ಇಷ್ಟು ದಿನ ಅವರು ನಮ್ಮೆಲ್ಲರಿಗಿಂತ ಹೆಚ್ಚು ಹೆದರಿದ್ದರು ಎಂಬುದು ನನಗೆ ಗೊತ್ತಾಯಿತು. ನಾನು ನನ್ನ ಪಾಯಸದ ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ. ದ್ರಾಕ್ಷಿ ಹೆಚ್ಚಾಗಿತ್ತು ಎಂದು ವಾರಿಜಳಿಗೆ ಹೇಳಿದೆ.

"ಇದನ್ನು ರಿಪೇರಿ ಮಾಡಿಸಿಬಿಡಿ ಭಾವ," ಎಂದು ಹೊರಡುವಾಗ ಸುಧಾಕರ ಹೇಳಿದ. ನಾನು ದೊರೈಕಣ್ಣುವನ್ನು ನೋಡಿದೆ. ಈ ಕಾರಿನ ಸಾಮಾನು ಭೂಮಿಯ ಮೇಲೆಲ್ಲೂ ಸಿಗುವುದಿಲ್ಲ ಎಂದು ಅವನು ಹೇಳಿದ. ಅವನ ಬಾಯಿಂದ ಅಂದು ಬಂದ ಸತ್ಯ ಅದೊಂದೇ.

ಇದರ ಪರಿಣಾಮ ನಾವು ಎಣಿಸಿದ್ದಕ್ಕಿಂತ ಚೆನ್ನಾಗಿತ್ತು. ಮುಳ್ಳು ಕೆಟ್ಟದ್ದೆಂದು ತೀರ್ಮಾನವಾದ ಮೇಲೆ ಮಾವ ಅದನ್ನು ನಂಬುವುದನ್ನೇ ಬಿಟ್ಟರು. ದಿನಾ ಬೆಳಿಗ್ಗೆ ಬಂಕಿನಲ್ಲಿ ಕಾರು ನಿಲ್ಲಿಸಿ, "ತುಂಬಿಸು," ಎನ್ನತೊಡಗಿದರು. ಕೆಲವು ದಿನ ಎರಡು ಹನಿ ಹಿಡಿಯುತ್ತಿತ್ತು, ಕೆಲವು ದಿನ ಚೆಲ್ಲುತ್ತಿತ್ತು. ಪಕ್ಕದಲ್ಲಿ ಕೂತ ವಾರಿಜ ಎಂದೂ ಬೇಡದ ತರಕಾರಿಯನ್ನು ಕೊಂಡು ತರುತ್ತಿದ್ದಳು. ಆ ಕಾಲದಲ್ಲಿ ನಾವು ತಿಂದ ಬೂದುಗುಂಬಳದ ಪ್ರಮಾಣವನ್ನು ನೆನೆದರೆ ಈಗಲೂ ಮೈ ತಣ್ಣಗಾಗುತ್ತದೆ. ಸತ್ಯ ಹೇಳುತ್ತಿದ್ದಾಗ ಮೂರು ಸಲ ದಾರಿಯಲ್ಲಿ ನಿಂತ ಕಾರು, ಸುಳ್ಳು ಹೇಳತೊಡಗಿದ ಮೇಲೆ ಒಂದು ಸಲವೂ ನಿಲ್ಲದೆ ಮಳೆಗಾಲವನ್ನೂ ಬೇಸಿಗೆಯನ್ನೂ ದಾಟಿತು. ಇದರಿಂದ ಯಾವ ನೀತಿಯನ್ನು ತೆಗೆಯಬೇಕೋ ನನಗೆ ತಿಳಿಯದು. ನಾನು ತೆಗೆಯಲು ಹೋಗಿಲ್ಲ.

ಹೀಗಿರುವಾಗ ವಾರಿಜ ಜ್ವರ ಬಂದು ಮಲಗಿದಳು. ಒಂದು ವಾರ ಮಾವ ಯಾರ ಮಾತೂ ಕೇಳದೆ ಬೆಳಿಗ್ಗೆ ಒಬ್ಬರೇ ಹೊರಟು, ಎಲ್ಲೆಲ್ಲೋ ಸುತ್ತಿ ಬಂದರು. ಎಂಟನೆಯ ದಿನ ಬೆಳಿಗ್ಗೆ ಅವಳ ಬದಲು ನಾನು ಹೊರಟೆ. ಗೇಟಿನ ಹತ್ತಿರ ಮಾವ ಸೊಂಟದಿಂದ ಕೀಲಿ ತೆಗೆದು ನನ್ನ ಕೈಗೆ ಕೊಟ್ಟು, "ಇವತ್ತು ನೀವೇ ಓಡಿಸಿ. ರಾತ್ರಿ ನಿದ್ರೆ ಬರ್ಲಿಲ್ಲ," ಎಂದರು. ಮದುವೆಯಾದಂದಿನಿಂದ ಆ ಕೀಲಿ ನನ್ನ ಕೈಗೆ ಹೀಗೆ ಬಂದದ್ದು ಅದೇ ಮೊದಲು. ಹೆಮ್ಮೆಯಿಂದ ಕೂತು, ಕಾರು ಚಾಲೂ ಮಾಡಿ, ಕಲಿತ ಅಭ್ಯಾಸದಂತೆ ಡ್ಯಾಶ್‌ಬೋರ್ಡು ನೋಡಿದೆ. ಅರ್ಧ ಟ್ಯಾಂಕು ಇತ್ತು. ಬಂಕ್ ಬಂತು. ಮಾವ, "ನಿನ್ನೆ ಸಂಜೆ ತುಂಬಿಸಿದ್ದೇನೆ, ಹೋಗುವಾ," ಎಂದರು. ಮುಳ್ಳೂ ಅರ್ಧ ಎನ್ನುತ್ತಿತ್ತು, ಮಾವನೂ ತುಂಬಿಸಿದ್ದೇನೆ ಎನ್ನುತ್ತಿದ್ದರು. ಇಬ್ಬರು ಸಾಕ್ಷಿಗಳ ಮಾತನ್ನು ನಾನು ಅನುಮಾನಿಸಲಿಲ್ಲ. ಬಂಕ್ ದಾಟಿದೆ.

ನುಂಗಂಬಾಕ್ಕಂನ ಒಂದು ವಿದೇಶಿ ದೂತಾವಾಸದ ಗೇಟಿನ ಎದುರಿಗೆ ಬರುತ್ತಲೇ ಕಾರು ಎರಡು ಸಲ ಬಿಕ್ಕಿ ನಿಂತಿತು. ವೀಸಾಕ್ಕಾಗಿ ಬೆಳಗಾಗುವ ಮೊದಲೇ ಬಂದು ನಿಂತ ಸಾಲು ಕಾಂಪೌಂಡಿನುದ್ದಕ್ಕೂ ಇತ್ತು. ಅಷ್ಟು ಜನರೂ ನಮ್ಮನ್ನೇ ನೋಡಿದರು. 'ತಳ್ಳುತ್ತೀರಾ' ಎಂದು ಕೇಳಿದಾಗ ಅಷ್ಟು ಜನರೂ ಬೇರೆ ಕಡೆ ನೋಡಿದರು. ಸಾಲಿನ ಜಾಗ ಬಿಟ್ಟು ಬರಲು ಯಾರಿಗೆ ಮನಸ್ಸಾದೀತು? ಕಾವಲಿನ ಪೊಲೀಸು ಲಾಠಿಯಿಂದ ಬಾನೆಟ್ಟಿಗೆ ತಟ್ಟಿ, ಇಲ್ಲಿ ನಿಲ್ಲಿಸುವಂತಿಲ್ಲ, ಎಡುಂಗ, ಎಡುಂಗ, ತೆಗೆಯಿರಿ, ಎಂದ.

"ಎಷ್ಟು ತೋರಿಸ್ತಾ ಉಂಟು?" ಎಂದು ಮಾವ ಕೇಳಿದರು.

"ಅರ್ಧ, ಮಾವ."

ಅವರು ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ಸಿಟ್ಟು ಇರಲಿಲ್ಲ. ಬಹಳ ಮೆಲ್ಲಗೆ, ಜ್ವರದ ಮಗುವಿನ ಹತ್ತಿರ ಮಾತಾಡುವ ಹಾಗೆ, "ಮುಳ್ಳು ಕೆಟ್ಟದ್ದಲ್ವಾ ಮಾರಾಯ್ರೆ? ನೀವೇ ಅಲ್ವಾ ಕಂಡುಹಿಡಿದದ್ದು?" ಎಂದರು. ನಾನು ಸ್ಟಿಯರಿಂಗ್ ನೋಡುತ್ತಾ ಕೂತೆ. ಅವರು ನನ್ನ ಮೊಣಕೈ ತಟ್ಟಿ, "ಪರ್ವಾಗಿಲ್ಲ. ವಾರಿಜನಿಗೆ ಹೇಳುದು ಬೇಡ. ಸುಮ್ಮನೆ ಹೆದರ್ತಾಳೆ," ಎಂದರು.

ಆದರೆ ಕಾರು ತಳ್ಳಲು ಬಂದದ್ದು ಹೋಟೆಲಿನ ಸಪ್ಲೈಯರುಗಳೇ. ಆದ್ದರಿಂದ ಸಂಜೆಗೆ ಸುಧಾಕರ ನಮ್ಮ ಮನೆಯಲ್ಲಿದ್ದ. ಅವನು ನನ್ನನ್ನು ನೋಡಿದ ರೀತಿಯಲ್ಲಿ ಆತಂಕವಿತ್ತು, ಮರ್ಯಾದೆಯಿತ್ತು, ಒಂದು ವರ್ಷದ ಹಿಂದೆ ತನ್ನ ಅಪ್ಪಯ್ಯನನ್ನು ನೋಡುತ್ತಿದ್ದ ಆ ಅಳತೆಯ ನೋಟವಿತ್ತು.

"ಭಾವ, ಮುಳ್ಳು ಕೆಟ್ಟಿದೆ ಅಂತ ನೀವೇ ನನಗೆ ತೋರಿಸಿದ್ದು. ನೆನಪುಂಟಲ್ಲ? ಮತ್ತೆ ಅದನ್ನು ನಂಬಿ ಹೇಗೆ ಹೋದ್ರಿ?"

ಹಾಸಿಗೆಯಿಂದ ಎದ್ದು ಬಂದು ಬಾಗಿಲಿಗೆ ಒರಗಿ ನಿಂತಿದ್ದ ವಾರಿಜ ನನ್ನನ್ನೇ ನೋಡುತ್ತಿದ್ದಳು. 'ನಿನ್ನೆ ಸಂಜೆ ಪೆಟ್ರೋಲು ತುಂಬಿಸಿದ್ದೇನೆ' ಎಂದು ಮಾವ ಹೇಳಿದರು, ಅದಕ್ಕೇ ನಂಬಿದೆ ಎಂದರೆ ಸತ್ಯವನ್ನೇ ಹೇಳಿದಂತಾಗುತ್ತಿತ್ತು. ಆದರೆ ಹಿಂದಿನ ಸಂಜೆ ಮಾವ ಮನೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ. ಅವರು ಕುರ್ಚಿಯಲ್ಲಿ ಕೂತು, ನನ್ನ ಉತ್ತರಕ್ಕಾಗಿ, ಎಲ್ಲರಿಗಿಂತ ಹೆಚ್ಚು ಕಾಳಜಿಯಿಂದ ಕಾಯುತ್ತಿದ್ದರು.

"ಮರೆತೆ," ಎಂದೆ.

ಮಾವ ಎದ್ದರು. ಸೊಂಟದಿಂದ ಕೀಲಿ ತೆಗೆದು, ಸುಧಾಕರನನ್ನು ದಾಟಿ ಹೋಗಿ, ಅದನ್ನು ವಾರಿಜಳ ಕೈಯಲ್ಲಿಟ್ಟು ಅವಳ ಬೆರಳುಗಳನ್ನು ಮಡಚಿದರು. "ಇದು ನಿನ್ನ ಹತ್ರ ಇರ್ಲಿ ಮಗಾ. ಎಲ್ಲರನ್ನೂ ನೀನೇ ಕರ್ಕೊಂಡು ಹೋಗು. ಇವರ ಕೈಗೆ ಕೊಡುದು ಬೇಡ, ಪಾಪ," ಎಂದರು.

ಅಂದಿನಿಂದ ಕಾರು ಓಡಿಸುವುದು ವಾರಿಜ. ಮಾವ ಮುಂದಿನ ಸೀಟಿನಲ್ಲಿ ಕೂರುತ್ತಾರೆ, ನಾನು ಹಿಂದೆ ಕೂರುತ್ತೇನೆ. ಕಾರು ಮತ್ತೆ ದಾರಿಯಲ್ಲಿ ನಿಂತಿಲ್ಲ.